ನಾಲ್ಕನೆಯ ಗಾಡಿಯ ನಕ್ಷತ್ರಗಳು

“ಈ ಮೂರರಾಗ ಯಾವುದ್ರಾಗ ಕುಂತ್ರ ಮನಷ್ಯಾ ಸಾಯೂದಿಲ್ಲ, ಅಷ್ಟ ಹೇಳ್ರಿ ಸಾಹೇಬ್ರ. ಬಾಕೀದೇನೂ ಬ್ಯಾಡ ನನಗ.”

ಮೂಡಲಗಿಯ ಬೆಲ್ಲದ ವ್ಯಾಪಾರಿ ಸಾವ್ಕಾರರು ಇಷ್ಟು ಹೇಳಿ, ಕೆಂಪು, ನೀಲಿ, ಬೂದು ರಕ್ಷಾಪುಟಗಳ ಮೂರು ಪುಸ್ತಿಕೆಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರೂ ಮಧ್ಯಮ ಗಾತ್ರದ, ಮನೆಮಂದಿ ಕೂತು ಹೋಗುವಂಥ ಕಾರುಗಳು. ನಾನು ವಾಹನ ವಿಮೆಯ ಸರ್ವೇಯರ್. ಗೋಕಾಕ ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯೇ ನನ್ನ ಕಚೇರಿ. ಅಪಘಾತವಾದ ಗಾಡಿ ನೋಡಿ, ಏನು ಮುರಿಯಿತು, ಹೇಗೆ ಮುರಿಯಿತು ಎಂದು ವರದಿ ಬರೆಯುವುದು ನನ್ನ ಕೆಲಸ. ಅಂಥವನ ಮುಂದೆ ಹೊಸ ಗಾಡಿಯ ಪುಸ್ತಿಕೆ ಇಡುವುದೆಂದರೆ ಪೋಸ್ಟ್‌ಮಾರ್ಟಮ್ ಡಾಕ್ಟರನ ಮುಂದೆ ಗಂಡು–ಹೆಣ್ಣಿನ ಜಾತಕ ಇಟ್ಟ ಹಾಗೆ. ಬೇರೆ ಯಾರಾದರೂ ಆಗಿದ್ದರೆ ಈ ಮಾತನ್ನು ಅಂದೇಬಿಡುತ್ತಿದ್ದೆ. ಸಾವ್ಕಾರರಿಗೆ ಅನ್ನಲು ಬಾಯಿ ಬರಲಿಲ್ಲ.

ಎರಡು ವರ್ಷದ ಹಿಂದೆ, ಕಬ್ಬಿನ ಹಂಗಾಮಿನಲ್ಲಿ, ಅವರ ಒಬ್ಬನೇ ಮಗ ಹುಕ್ಕೇರಿ ಕಡೆಯಿಂದ ಬರುತ್ತಿದ್ದಾಗ ಕೊಣ್ಣೂರಿನ ಹತ್ತಿರ ರಸ್ತೆಯಂಚಿಗೆ ಕೆಟ್ಟು ನಿಂತ ಕಬ್ಬಿನ ಟ್ರೇಲರಿಗೆ ಗುದ್ದಿ ತೀರಿಕೊಂಡಿದ್ದ. ಆ ಗಾಡಿಯ ಸರ್ವೆ ಮಾಡಿದವನು ನಾನೇ. ಮಗನ ಹೆಂಡತಿ ಹುಕ್ಕೇರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ನಾಲ್ಕು ವರ್ಷದ ಮಗಳನ್ನು ಅಲ್ಲಿಯ ಶಿಶುವಿಹಾರಕ್ಕೇ ಹಾಕಿದ್ದಾಳೆ. ತಾಯಿ–ಮಗಳು ದಿನಾ ಹೋಗಿಬರಬೇಕು: ಮೂಡಲಗಿಯಿಂದ ಗೋಕಾಕಕ್ಕೆ ಒಂದು ಬಸ್ಸು, ಗೋಕಾಕದಿಂದ ಹುಕ್ಕೇರಿಗೆ ಇನ್ನೊಂದು. ಸೊಸೆ ಗಾಡಿ ಕಲಿತಿದ್ದಾಳೆ, ಅವಳಿಗೊಂದು ಕಾರು ಕೊಡಿಸಬೇಕು, ಆದರೆ ನಾನು ಬರೆದು ಸಹಿ ಮಾಡಿಕೊಟ್ಟ ಗಾಡಿಯನ್ನೇ ಕೊಡಿಸಬೇಕು ಎಂಬುದು ಸಾವ್ಕಾರರ ಹಟ.

“ಅಂಥಾ ಗಾಡಿ ಜಗತ್ತಿನಾಗ ಇಲ್ರಿ ಸಾವ್ಕಾರ್ರ,” ಅಂದೆ. “ಯಾವುದು ಹೆಚ್ಚು ಗಟ್ಟಿ ಅಂತ ಹೇಳಬಹುದು, ಅಷ್ಟ.”

“ಅದನ್ನ ಹೇಳ್ರಿ. ನೀವು ಅವನ ಗಾಡಿ ನೋಡೀರಿ. ನಿಮಗ ತಿಳೀತೈತಿ.”

ಒಪ್ಪಿಕೊಂಡೆ. ಒಂದು ವಾರದ ಕೆಲಸ ಎಂದುಕೊಂಡಿದ್ದೆ.

ಮೊದಲ ವಾರ ನಾನು ಮಾಡಿದ್ದು ಶುದ್ಧ ಪೆದ್ದತನ. ಹೊಸ ಗಾಡಿಗಳನ್ನು ಪ್ರಯೋಗಾಲಯದಲ್ಲಿ ಗುದ್ದಿಸಿ ಐದರವರೆಗೆ ನಕ್ಷತ್ರ ಕೊಡುತ್ತಾರೆ. ಗಂಟೆಗೆ ಅರವತ್ತನಾಲ್ಕು ಕಿಲೋಮೀಟರ್ ವೇಗದಲ್ಲಿ ಗಾಡಿಯ ಮೂತಿಯ ಐದರಲ್ಲಿ ಎರಡು ಪಾಲಷ್ಟನ್ನು, ಡ್ರೈವರ್ ಕೂರುವ ಬದಿಗೆ, ಜೇನುಹುಟ್ಟಿನಂಥ ಅಲ್ಯೂಮಿನಿಯಂ ಗೋಡೆಗೆ ಹೊಡೆಸುತ್ತಾರೆ. ಒಳಗೆ ಮನುಷ್ಯರ ತೂಕದ ಗೊಂಬೆಗಳು. ಅವುಗಳ ತಲೆ, ಎದೆ, ಮೊಣಕಾಲಿಗೆ ಎಷ್ಟು ಪೆಟ್ಟಾಯಿತು ಎಂದು ಅಳೆದು ಅಂಕ ಹಾಕುತ್ತಾರೆ. ನಾನು ಈ ವರದಿಗಳನ್ನು ಇಳಿಸಿಕೊಂಡು, ಕೆಂಪಿಗೆ ಐದು, ನೀಲಿಗೆ ಐದು, ಬೂದಿಗೆ ನಾಲ್ಕು ಎಂದು ಹಾಳೆಯ ಮೇಲೆ ಗೆರೆ ಎಳೆದು ಬರೆದೆ. ಸಾವ್ಕಾರರಿಗೆ ಫೋನು ಹಚ್ಚಿ, ಕೆಂಪಾದರೂ ಆದೀತು ನೀಲಿಯಾದರೂ ಆದೀತು ಎಂದು ಹೇಳಿಯೂಬಿಟ್ಟೆ.

ಎರಡು ದಿನ ಬಿಟ್ಟು ವರದಿಯ ಕೊನೆಯ ಪುಟಗಳನ್ನು ಓದಿದಾಗ ನನ್ನ ತಪ್ಪು ಗೊತ್ತಾಯಿತು. ಕೆಂಪು ಗಾಡಿಯ ಐದು ನಕ್ಷತ್ರ ಹಳೆಯ ಪದ್ಧತಿಯವು. ಆಗ ಗಾಡಿಯನ್ನು ಪಕ್ಕದಿಂದ ಕಂಬಕ್ಕೆ ಹೊಡೆಸುವ ಪರೀಕ್ಷೆ ಕಡ್ಡಾಯವಿರಲಿಲ್ಲ. ಈಗ ಅದಿಲ್ಲದೆ ಐದು ಸಿಗುವುದಿಲ್ಲ. ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಮಾರ್ಕ್ಸನ್ನೂ ಈಗಿನ ಮಾರ್ಕ್ಸನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೆ ನಾನು. ಮತ್ತೆ ಫೋನು ಹಚ್ಚಿ, ಕೆಂಪು ಬೇಡ, ನಾನು ತಪ್ಪು ನೋಡಿದ್ದೆ ಎಂದೆ. “ತಪ್ಪು ಆಗಬಾರದ್ರಿ ಇದರಾಗ,” ಎಂದಷ್ಟೇ ಹೇಳಿ ಸಾವ್ಕಾರರು ಫೋನು ಇಟ್ಟರು.

ಹಾಗಾದರೆ ನೀಲಿ. ಅದರ ಪರೀಕ್ಷೆ ಹೊಸ ಪದ್ಧತಿಯದೇ. ಆದರೆ ಗುದ್ದಿಸಿದ ಗಾಡಿಯಲ್ಲಿ ಆರು ಏರ್‌ಬ್ಯಾಗ್ ಇದ್ದವು. ಸಾವ್ಕಾರರ ಪುಸ್ತಿಕೆಯಲ್ಲಿದ್ದ ಕೆಳಗಿನ ದರ್ಜೆಯ ಗಾಡಿಯಲ್ಲಿ ಎಷ್ಟಿವೆ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ನಾನೇ ಶೋರೂಮಿಗೆ ಹೋದೆ. ಅಲ್ಲಿಯ ಮಾರಾಟದ ಹುಡುಗಿ ಬಹಳ ಚುರುಕು.

“ಎಲ್ಲಾ ಫೈವ್ ಸ್ಟಾರ್ ಅದಾವ್ರಿ ಸರ್.”

“ಈ ದರ್ಜೇದು ಗುದ್ದಿಸಿ ನೋಡ್ಯಾರೇನವಾ?”

“ಗಾಡಿ ಒಂದ ಅಲ್ರಿ ಸರ್? ಬರೇ ಟೀವಿ, ಗಾಲಿ ಬ್ಯಾರೆ.”

“ಬಾಜೂದಿಂದ ಬಿಚ್ಚಿಕೊಳ್ಳೂ ಏರ್‌ಬ್ಯಾಗ್ ಇದರಾಗ ಅದಾವೇನು?”

ಅವಳು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಳು. “ಅವು ಮ್ಯಾಲಿನ ದರ್ಜೇದಾಗ ಬರ್ತಾವಂತ್ರಿ.” ಪಾಪ, ಅವಳಿಗೇನೂ ಮೋಸ ಮಾಡುವ ಬುದ್ಧಿ ಇರಲಿಲ್ಲ. ಕೇಳುವವರೇ ಇಲ್ಲದ ಪ್ರಶ್ನೆಗೆ ಉತ್ತರ ಕಲಿಸುವವರು ಯಾರು? ಹಾಳೆಯಲ್ಲಿ ‘ನೀಲಿ’ ಎಂಬುದರ ಮುಂದೆ ‘ಮೇಲಿನ ದರ್ಜೆ ಮಾತ್ರ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಮೂರನೆಯ ತೊಡಕು ಮಕ್ಕಳ ಅಂಕ. ಅದನ್ನು ಬೇರೆಯಾಗಿಯೇ ಕೊಡುತ್ತಾರೆ. ಉಳಿದ ನೀಲಿ, ಬೂದು ಎರಡು ಗಾಡಿಗೂ ಒಳ್ಳೆಯ ಅಂಕವೇ ಇದ್ದವು. ಆದರೆ ಮಗುವಿನ ಗೊಂಬೆಯನ್ನು ಅವರು ಹಿಂದಿನ ಸೀಟಿನಲ್ಲಿ, ಗಾಡಿಯ ಚೌಕಟ್ಟಿನ ಕೊಂಡಿಗೆ ಸಿಕ್ಕಿಸಿದ ಪುಟ್ಟ ಕುರ್ಚಿಯಲ್ಲಿ ಕಟ್ಟಿ ಕೂರಿಸಿರುತ್ತಾರೆ. ನಮ್ಮಲ್ಲಿ ಮಗು ಕೂರುವುದು ಮುಂದಿನ ಸೀಟಿನಲ್ಲಿ, ಅಜ್ಜನ ತೊಡೆಯ ಮೇಲೆ. ತೊಡೆಗೆ ಎಷ್ಟು ಅಂಕ ಎಂದು ಯಾವ ವರದಿಯಲ್ಲೂ ಇರಲಿಲ್ಲ. ವರದಿಯನ್ನು ಪುಟ ಪುಟ ಓದಿದಂತೆಲ್ಲ ಒಂದೇ ಮಾತು ಕಣ್ಣಿಗೆ ಹೊಡೆಯುತ್ತಿತ್ತು: ದೊಡ್ಡ ಗೊಂಬೆ, ಸಣ್ಣ ಗೊಂಬೆ, ಎಲ್ಲವೂ ಬೆಲ್ಟ್ ಕಟ್ಟಿಕೊಂಡೇ ಕೂತಿದ್ದವು. ಬೆಲ್ಟ್ ಬಿಚ್ಚಿದರೆ ಆ ನಕ್ಷತ್ರಗಳಿಗೆ ಅರ್ಥವೇ ಇಲ್ಲ. ಆ ಪುಟ ಬಂದಾಗಲೆಲ್ಲ ನಾನು ಬೇಗ ಬೇಗ ತಿರುವಿಹಾಕುತ್ತಿದ್ದೆ.

ಸಾವ್ಕಾರರು ಗೋಕಾಕ ಪೇಟೆಗೆ ಬಂದಾಗಲೆಲ್ಲ ನನ್ನ ಕಚೇರಿಗೆ ಬರುತ್ತಿದ್ದರು. ಬಿಳಿ ಧೋತರ, ಬಿಳಿ ಅಂಗಿ, ಹಣೆಗೆ ಮೂರು ಬೆರಳಿನ ವಿಭೂತಿ. ಹಾಳೆ ಓದುತ್ತಿದ್ದರು, ಬೆರಳಿಟ್ಟು ಕೇಳುತ್ತಿದ್ದರು. ವ್ಯಾಪಾರಿ ಮನುಷ್ಯ, ನಾನು ಹೇಳಿದ್ದು ಒಂದೇ ಸಲಕ್ಕೆ ಅವರಿಗೆ ತಿಳಿಯುತ್ತಿತ್ತು. ಇನ್ನು ನಿರ್ಧಾರ ಮಾಡಬಹುದು ಎನ್ನುವ ಹೊತ್ತಿಗೆ ಒಂದು ದಿನ, “ನಾಲ್ಕನೇ ಸಾಲೊಂದು ಹಾಕ್ರಿ,” ಎಂದರು.

“ಯಾವ ಗಾಡೀದ್ರಿ?”

“ನನ್ನ ಮಗನ ಗಾಡೀದು.”

“ಅದನ್ನೇನು ನೀವು ತಗೊಳ್ಳಾಕತ್ತಿಲ್ಲಲ್ರಿ?”

“ಹಾಕ್ರಿ ಅಂದ್ನಲ್ಲ.”

ನಾನು ಹುಡುಕುವ ನಾಟಕ ಮಾಡಿದೆ. ಹುಡುಕುವುದೇನಿತ್ತು? ಎರಡು ವರ್ಷದ ಹಿಂದೆಯೇ ನೋಡಿಟ್ಟುಕೊಂಡಿದ್ದೆ. ನಾಲ್ಕು ನಕ್ಷತ್ರ. ಪ್ರಯಾಣಿಕರು ಕೂರುವ ಚೌಕಟ್ಟು ಸ್ಥಿರ, ಇನ್ನೂ ಹೆಚ್ಚಿನ ಪೆಟ್ಟು ತಾಳುತ್ತದೆ ಎಂದು ವರದಿ. ಬರೆದು ಹಾಳೆಯನ್ನು ಅವರ ಕಡೆ ಸರಿಸಿದೆ. ಅವರ ಮುಖ ಕೆಂಪಾಯಿತು.

“ನಾಲ್ಕ? ನಾಲ್ಕ ಹೆಂಗ ಬರ್ತಾವ್ರಿ? ಒಂದಿರಬೇಕು, ಛಲೋತ್ನ್ಯಾಗ ನೋಡ್ರಿ!”

“ನಾಲ್ಕ ಅದಾವ್ರಿ ಸಾವ್ಕಾರ್ರ.”

“ಮತ್ತ ಅವ ಹೆಂಗ ಸತ್ತ?”

ಆಗ ನಾನು ಒಂದು ದೊಡ್ಡ ಭಾಷಣ ಮಾಡಿದೆ. ಪರೀಕ್ಷೆಯ ಗೋಡೆ ಬಂಪರಿನ ಎತ್ತರಕ್ಕೆ ಇರುತ್ತದೆ, ನಮ್ಮ ಕಬ್ಬಿನ ಟ್ರೇಲರಿನ ಹಿಂಬದಿ ಕಾರಿನ ಗಾಜಿನ ಎತ್ತರಕ್ಕೆ ಬರುತ್ತದೆ, ಹಿಂದೆ ದೀಪವಿಲ್ಲ, ಮಿನುಗುವ ಪಟ್ಟಿಯಿಲ್ಲ, ಅಂಥ ಗುದ್ದಿಗೆ ನಕ್ಷತ್ರ ಕೊಡುವವರು ಜಗತ್ತಿನಲ್ಲಿ ಯಾರೂ ಇಲ್ಲ ಎಂದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಅವರ ಮಗ ಸತ್ತದ್ದು ಹಾಗಲ್ಲ. ಸಾವ್ಕಾರರು ಹಾಳೆ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಎದ್ದರು. “ಇನ್ನೊಮ್ಮೆ ನೋಡ್ರಿ,” ಎಂದು ಹೇಳಿ ಹೋದರು.

ಈಗ ನನ್ನ ತಪ್ಪನ್ನು ಹೇಳಬೇಕು. ಆ ಗಾಡಿಯನ್ನು ಗೋಕಾಕ ಫಾಲ್ಸ್ ರಸ್ತೆಯ ಗ್ಯಾರೇಜೊಂದಕ್ಕೆ ಎಳೆದು ತಂದಿದ್ದರು. ಕಾರಿನ ಎಡ ಮೂತಿ ಟ್ರೇಲರಿನ ಬಲಗಡೆಯ ಗಾಲಿಗೆ ಹೊಡೆದಿತ್ತು. ಅಂದರೆ ಪೆಟ್ಟು ಬಿದ್ದದ್ದು ಬಂಪರಿನ ಎತ್ತರಕ್ಕೇ. ಎಡಭಾಗ ಹಪ್ಪಳವಾಗಿತ್ತು, ನಿಜ. ಆದರೆ ಡ್ರೈವರ್ ಕಡೆಯ ಬಾಗಿಲ ಹಿಡಿಕೆಗೆ ಕೈ ಹಾಕಿದರೆ ಅದು ಸುಮ್ಮನೆ ತೆರೆದುಕೊಂಡಿತು. ಈ ಕೆಲಸ ಮಾಡುವವರಿಗೆ ಅದರ ಅರ್ಥ ಗೊತ್ತು. ಚೌಕಟ್ಟು ತನ್ನ ಕೆಲಸ ಮಾಡಿದೆ, ಒಳಗೆ ಬದುಕುವಷ್ಟು ಜಾಗ ಉಳಿದಿದೆ. ಏರ್‌ಬ್ಯಾಗೂ ಬಿಚ್ಚಿಕೊಂಡಿತ್ತು. ಮತ್ತೆ ಬೆಲ್ಟ್ ನೋಡಿದೆ. ಮೈಭಾರ ತಡೆದ ಪಟ್ಟಿಯ ಮೇಲೆ ಉಜ್ಜಿದ ಗುರುತು ಬೀಳುತ್ತದೆ. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಯಾರೂ ಎಳೆದು ಹಾಕಿಕೊಳ್ಳದ ಪಟ್ಟಿ ಬಾಗಿಲ ಪಕ್ಕದ ಕಂಬಕ್ಕೆ ನೇರ ಅಂಟಿಕೊಂಡು ಬಿಗಿದಿತ್ತು. ಕೆಳಗೆ, ಬೆಲ್ಟಿನ ನಾಲಿಗೆ ಸಿಕ್ಕಿಸುವ ಕಡೆ, ನಂದಿಯ ಚಿತ್ರವಿದ್ದ ಒಂದು ಕ್ಲಿಪ್ಪು ಕೂತಿತ್ತು.

ಈ ಕ್ಲಿಪ್ಪುಗಳು ನಮ್ಮ ಕಡೆ ಗಾಡಿ ಶೃಂಗಾರದ ಅಂಗಡಿಯಲ್ಲೆಲ್ಲ ಸಿಗುತ್ತವೆ. ಬೆಲ್ಟ್ ಹಾಕದಿದ್ದರೆ ಗಾಡಿ ಟಿಣ್ ಟಿಣ್ ಎಂದು ಬಡಿದುಕೊಳ್ಳುತ್ತದಲ್ಲ, ಈ ಕ್ಲಿಪ್ಪು ಚುಚ್ಚಿದರೆ ಬೆಲ್ಟ್ ಹಾಕಿದ್ದಾರೆ ಎಂದುಕೊಂಡು ಸುಮ್ಮನಾಗುತ್ತದೆ. ಹುಡುಗ ಬ್ರೇಕ್ ಒತ್ತಿದಾಗಲೇ ಅವನ ಮೈ ಮುಂದಕ್ಕೆ ಜಾರಿ ಸ್ಟೀರಿಂಗಿನ ಮೇಲಿತ್ತು. ಏರ್‌ಬ್ಯಾಗ್ ಸಿಡಿದದ್ದು ಎದೆಯ ಮೇಲೆಯೇ.

ನಾನು ನಲವತ್ತೆರಡು ಫೋಟೊ ತೆಗೆದಿದ್ದೆ, ವರದಿಗೆ ನಲವತ್ತೊಂದು ಹಚ್ಚಿದೆ. ಕ್ಲಿಪ್ಪಿನ ಸುದ್ದಿ ಬರೆದರೆ ವಿಮೆಯವರು ತಕರಾರು ತೆಗೆದಾರು, ಎಳೆಯ ವಿಧವೆಯನ್ನು ಆಫೀಸಿನಿಂದ ಆಫೀಸಿಗೆ ಅಲೆಸಿಯಾರು ಎಂದು ಅದೊಂದನ್ನು ಬಿಟ್ಟೆ. ದೊಡ್ಡ ಉಪಕಾರ ಮಾಡಿದೆನೆಂದು ಒಳಗೊಳಗೇ ಬೀಗಿದ್ದೂ ಉಂಟು. ಈಗ ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಸಾವ್ಕಾರರು ಮೆಟ್ಟಿಲು ಹತ್ತುವ ಸಪ್ಪಳಕ್ಕೇ ಲ್ಯಾಪ್‌ಟಾಪಿನ ಮುಚ್ಚಳ ಇಳಿಸುತ್ತಿದ್ದೆ. ಅವರ ಮೇಲೆ ಸಿಟ್ಟೂ ಬರುತ್ತಿತ್ತು. ಗಾಡಿ ಕೆಟ್ಟದ್ದಿತ್ತು ಎಂದು ಒಂದು ಸಲ ಹೇಳಿಬಿಟ್ಟರೆ ಈ ಮನುಷ್ಯ ನಿದ್ದೆ ಮಾಡಿಯಾನು ಎಂದು ಅನ್ನಿಸುತ್ತಿತ್ತು. ನಾಲ್ಕನ್ನು ತಿದ್ದಿ ಒಂದು ಮಾಡಲು ಪೆನ್ನು ಹಿಡಿದದ್ದೂ ಉಂಟು. ತಿದ್ದಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಸೊಸೆಯೇ ಬಂದಳು. ಹುಕ್ಕೇರಿ ಬಸ್ಸಿಳಿದು ಮೂಡಲಗಿ ಬಸ್ಸಿಗೆ ಕಾಯುವ ನಡುವೆ ಬಂದದ್ದು. ಮಗು ನನ್ನ ಮೇಜಿನ ಕೆಳಗೆ ಹೊಕ್ಕು ಹಳೆಯ ಹಾಳೆಗಳ ಮೇಲೆ ಗೀಚತೊಡಗಿತು.

“ಸರ್, ಮಾವಾರಿಗಿ ಯಾವುದರೆ ಒಂದು ಗಾಡಿ ಹೇಳಿ ಮುಗಿಸಿಬಿಡ್ರಿ. ದಿನಾ ಆ ಹಾಳಿ ಹಿಡಕೊಂಡು ಕುಂದರತಾರ.”

“ಹೇಳ್ತೇನವಾ. ಆದ್ರ ಅವರಿಗೆ ಬೇಕಾಗಿದ್ದು ಗಾಡಿ ಅಲ್ಲ.”

“ಗೊತ್ತೈತ್ರಿ.” ಅವಳು ಸ್ವಲ್ಪ ಹೊತ್ತು ಮಗಳನ್ನೇ ನೋಡಿದಳು. “ನೀವು ಆ ಕ್ಲಿಪ್ ನೋಡೀರಿ, ಹೌದಲ್ರಿ?”

ಹೌದೆಂದೆ.

“ಅದನ್ನ ತಂದು ಹಾಕಿದವರು ಮಾವಾರ್ರಿ. ನಮ್ಮನಿಯವರು ಮೊದಮೊದಲು ಬೆಲ್ಟ್ ಹಾಕ್ಕೊಂತಿದ್ರು. ಮದವಿಗಿ ಹೋಗುವಾಗ ಬಿಳಿ ಅಂಗಿ ಇಸ್ತ್ರಿ ಕೆಡ್ತೈತಿ, ಅದೇನು ಎತ್ತಿಗಿ ಕಟ್ಟಿದಂಗ ಕಟ್ಟಕೊಂತಿ ಅಂತ ಮಾವಾರು ನಗತಿದ್ರು. ಹಾಕ್ಕೊಳ್ಳಲಿಲ್ಲಂದ್ರ ಗಾಡಿ ಸಪ್ಳಾ ಮಾಡ್ತಿತ್ತು. ಇಲ್ಲೇ ಪ್ಯಾಟ್ಯಾಗ ತಗೊಂಡ್ರು. ಬಸವಣ್ಣ ಅದಾನು, ಕಾಯ್ತಾನು ಅಂತ ತಮ್ಮ ಕೈಯಿಂದನ ಚುಚ್ಚಿದ್ರು.”

“ಅವರಿಗೆ ಇದು ಹೊಳದಿಲ್ಲೇನವಾ?”

“ಇಲ್ರಿ. ನನಗ ಮೊದಲ ದಿನಾನ ಹೊಳೀತು, ಅವರು ಅದು ಬರೇ ಸಪ್ಳಾ ನಿಲ್ಲಸೂದು ಅಂತ ತಿಳದಾರ. ಹೊಳದ್ರ ಅವರು ಉಳಿಯೂದಿಲ್ರಿ ಸರ್. ದಯಮಾಡಿ ಹೇಳಬ್ಯಾಡ್ರಿ. ನಾನು ಬೆಲ್ಟ್ ಹಾಕ್ಕೊಂತೇನಿ, ಇಕಿಗೂ ಸಣ್ಣ ಕುರ್ಚಿ ತರಸ್ತೇನಿ. ಅಷ್ಟಾದ್ರ ಸಾಕಲ್ರಿ?”

ಸಾಕು ಎಂದೆ. ಹೇಳುವುದಿಲ್ಲ ಎಂದು ಮಾತೂ ಕೊಟ್ಟೆ. ಅವಳು ಮಗಳನ್ನೆತ್ತಿಕೊಂಡು ಬಸ್ಸಿಗೆ ಹೋದ ಮೇಲೆ, ನೀಲಿ ಗಾಡಿ, ಮೇಲಿನ ದರ್ಜೆ, ಹಿಂದಿನ ಸೀಟಿಗೆ ಮಗುವಿನ ಕುರ್ಚಿ ಕಡ್ಡಾಯ ಎಂದು ವರದಿ ಬರೆದು ಸಹಿ ಹಾಕಿದೆ. ಕೋಲೂ ಮುರಿಯದೆ ಹಾವೂ ಸಾಯುವ ದಾರಿ ಸಿಕ್ಕಿತೆಂದು ನನಗೆ ಸಮಾಧಾನವೂ ಆಗಿತ್ತು.

ಗಾಡಿ ಬಂದ ದಿನ ಮೂಡಲಗಿಗೆ ಕರೆದರು. ಅಂಗಳದಲ್ಲಿ ನೀಲಿ ಪುಸ್ತಿಕೆಯ ಗಾಡಿ ನಿಂತಿತ್ತು. ಬಣ್ಣ ಮಾತ್ರ ಬಿಳಿ. ಪೂಜೆ ಮುಗಿದಿತ್ತು, ಗಾಲಿಯ ಕೆಳಗಿನ ನಿಂಬೆಹಣ್ಣು ಆಗಲೇ ಚಪ್ಪಟೆಯಾಗಿತ್ತು. ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ ಇತ್ತು. ನಾನೇ ಜಗ್ಗಿ ನೋಡಿದೆ, ಗಟ್ಟಿಯಾಗಿ ಕೂತಿತ್ತು. ಸಾವ್ಕಾರರು ಅಂದು ಮೊದಲ ಸಲ ನಗುತ್ತಿದ್ದರು. ನನಗೊಂದು ಶಾಲು ಹೊದಿಸಿ, ಕೈಯಲ್ಲಿ ಒಂದು ಪುಟ್ಟ ರಟ್ಟಿನ ಡಬ್ಬಿ ಇಟ್ಟರು.

“ತೆರದು ನೋಡ್ರಿ.”

ತೆರೆದೆ. ಒಳಗೆ ನಾಲ್ಕು ನಂದಿಗಳು ಹೊಳೆಯುತ್ತಿದ್ದವು.

“ಸೊಸಿ ಗಾಡಿಗೂ ಎಲ್ಲಾ ಸೀಟಿಗಿ ಹಾಕ್ಸೇನಿ. ಮೊನ್ನಿ ಮಗಳ ಮನಿಗಿ ಹೋದಾಗ ಅಳ್ಯಾಗ ಒಂದು ಡಬ್ಬಿ ಕೊಟ್ಟೆ. ನಿಮ್ಮ ಗಾಡಿಗೂ ಇರ್ಲಿ ಅಂತ ತಂದೆ. ನೀವು ದಿನಾ ರಸ್ತಾದ ಮ್ಯಾಲ ಅಡ್ಡಾಡೋರು, ಬಸವಣ್ಣ ಕಾಯ್ತಾನ್ರಿ.”

ಪಡಸಾಲೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಅವಳು ನನ್ನ ಮುಖ ನೋಡಿ, ಬೇಡ ಎನ್ನುವಂತೆ ತಲೆಯಾಡಿಸಿದಳು. ಅವಳು ತನ್ನವನ್ನು ಕಿತ್ತೊಗೆಯುತ್ತಾಳೆ, ಅದು ನನಗೆ ಗೊತ್ತಿತ್ತು. ಅಳಿಯ ಕಿತ್ತೊಗೆಯುತ್ತಾನೆಯೇ? ನಾಳೆ ಇವರು ಇನ್ನೆಷ್ಟು ಜನಕ್ಕೆ ಪ್ರೀತಿಯಿಂದ ಡಬ್ಬಿ ಹಂಚಿಯಾರು? ಡಬ್ಬಿ ಕಿಸೆಗೆ ಹಾಕಿಕೊಂಡು ಮನೆಗೆ ಹೋಗಿಬಿಡಬಹುದಿತ್ತು. ನಲವತ್ತೊಂದು ಫೋಟೊ ಹಚ್ಚಿದ ಕೈಗೆ ಅದೇನು ಕಷ್ಟದ್ದಲ್ಲ. ಆದರೆ ಆ ಕೈ ಅಂದು ಕಿಸೆಯತ್ತ ಹೋಗಲಿಲ್ಲ. ನನಗೆ ಭಯವಾಯಿತು, ನಾಚಿಕೆಯೂ ಆಯಿತು.

“ಸಾವ್ಕಾರ್ರ, ಬರ್ರಿ. ಗಾಡ್ಯಾಗ ಕುಂಡ್ರೂಣು,” ಎಂದೆ.

ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ನಾನು ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಫೋನಿನಲ್ಲಿ ನಲವತ್ತೆರಡನೆಯ ಫೋಟೊ ತೆಗೆದು ಅವರ ಕೈಗೆ ಕೊಟ್ಟೆ.

“ಇದು ಯಾರ ಗಾಡೀದ್ರಿ?”

“ನಿಮ್ಮ ಮಗಂದು.”

ಅವರು ಫೋನನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ನಾನು ಹೇಳತೊಡಗಿದೆ. ಗೀರಿಲ್ಲದ ಪಟ್ಟಿ, ಕೈಯಿಂದಲೇ ತೆರೆದ ಬಾಗಿಲು, ಬ್ರೇಕಿಗೆ ಜಾರಿದ ಮೈ. ಗಟ್ಟಿಯಿದ್ದ ಗಾಡಿ. ಒಂದನ್ನೂ ಬಿಡಲಿಲ್ಲ, ಎರಡು ವರ್ಷ ಮುಚ್ಚಿಟ್ಟದ್ದು ನಾನು ಎಂಬುದನ್ನೂ ಬಿಡಲಿಲ್ಲ. ಮುಗಿದ ಮೇಲೆ ಕೇಳಿದರು:

“ಬೆಲ್ಟ್ ಹಾಕ್ಕೊಂಡಿದ್ರ?”

“ಕಾಲು ಮುರೀತಿತ್ತೋ ಏನೋ. ಜೀವ ಉಳೀತಿತ್ತು ಅಂತ ನನಗನಸ್ತೈತ್ರಿ.”

ಅವರು ಬಗ್ಗಿ, ತಮ್ಮ ಸೀಟಿನ ಪಕ್ಕ ಹೊಸದಾಗಿ ಚುಚ್ಚಿದ್ದ ಕ್ಲಿಪ್ಪನ್ನು ಕಿತ್ತರು. ಗಾಡಿ ಚಾಲೂ ಇರಲಿಲ್ಲವಾದ್ದರಿಂದ ಏನೂ ಸಪ್ಪಳವಾಗಲಿಲ್ಲ. ಕ್ಲಿಪ್ಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತರು. ಗಾಜಿನ ಆಚೆ ಸೊಸೆ ಮೆಟ್ಟಿಲ ತನಕ ಬಂದು ನಿಂತು ಕರೆದಳು.

“ಮಾವಾರ, ತಾಟು ಹಾಕೇನಿ. ಸರ್‌ಗೂ ಕರಕೊಂಡು ಬರ್ರಿ.”

ಸಾವ್ಕಾರರು ಅವಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ, ಬಹಳ ಸಣ್ಣ ದನಿಯಲ್ಲಿ ಕೇಳಿದರು.

“ಅಕಿಗಿ ಗೊತ್ತೈತೇನ್ರಿ ಇದು?”

ಮತ್ತೊಂದು ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ.

“ಗೊತ್ತೈತ್ರಿ.”

“ಯಾವಾಗಿಂದ?”

“ಮೊದಲಿಂದಾನೂ.”

ಅವರು ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು ಹಣೆ ಊರಿದರು. ಸೊಸೆ ಇನ್ನೊಮ್ಮೆ ಕರೆದಳು.

“ಎರಡು ವರ್ಷ ಆತ್ರಿ ಸಾಹೇಬ್ರ,” ಎಂದರು. “ದಿನಾ ಎರಡೂ ಹೊತ್ತು ಇಕಿ ನನ್ನ ತಾಟಿಗಿ ಬಿಸಿ ರೊಟ್ಟಿ ಹಾಕ್ಯಾಳ.”